ಉಪಗ್ರಹದ ಮಳೆ, ನಮ್ಮ ಕಣದ ಮಳೆ

ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ಇಂಚು, ಸೆಂಟು, ಅಷ್ಟೇ. ನೂರು ಸೆಂಟಿಗೆ ಒಂದು ಇಂಚು. ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ಫೋನ್ ಮಾಡಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟಾಯ್ತು?" ಅಂತ. "ಮೂರು ಇಪ್ಪತ್ತು" ಅಂದರೆ 3 ಇಂಚು 20 ಸೆಂಟು. ಬಿಡಿಸಿ ಹೇಳುವ ಅಗತ್ಯ ಇಲ್ಲ.

ನಮ್ಮ ತೋಟದ ಮಳೆ ಪುಸ್ತಕ ಅಜ್ಜನ ಕಾಲದಿಂದ ಬಂದದ್ದು. ಕಾಫಿ ಒಣಗಿಸುವ ಕಣದಲ್ಲಿ ಹಿತ್ತಾಳೆಯ ರೈನ್ ಗೇಜು ಇದೆ. ಅದರ ಬಾಯಿ 5 ಇಂಚು ಅಗಲ. ದಿನಾ ಬೆಳಿಗ್ಗೆ 8.30ಕ್ಕೆ ಒಳಗಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು ಬರೆಯಬೇಕು. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಅಜ್ಜ ಅಂಕಿಯ ಪಕ್ಕ ನಕ್ಷತ್ರವನ್ನೂ ಬರೆಯುತ್ತಿದ್ದರು. ಆರಿದ್ರಾ, ಪುನರ್ವಸು, ಪುಷ್ಯ. ಅವರ ನಂತರ ಬರೆದವರು ಮೊದಲು ಅಪ್ಪ, ಆಮೇಲೆ ತೋಟದ ಲೆಕ್ಕ ನೋಡುವ ನಮ್ಮ ರೈಟರು, ಈಗ ನಾನು. ಕೈಬರಹ ಬದಲಾಗಿದೆ, ಪುಸ್ತಕ ಒಂದೇ.

2019ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ ಎಲ್ಲ ಹೋದವು. ಆ ರಾತ್ರಿಗಳಲ್ಲಿ ಯಾವ ಗುಡ್ಡದ ಮೇಲೆ ಎಷ್ಟು ಮಳೆ ಬಿತ್ತು ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಗುಡ್ಡದ ಮೇಲೆ ಗೇಜು ಇಟ್ಟವರು ಯಾರು? ಉಪಗ್ರಹದ ಮಳೆ ಲೆಕ್ಕ ಯಾರು ಬೇಕಾದರೂ ಪುಕ್ಕಟೆ ನೋಡಬಹುದು ಎಂದು ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ಹೇಳಿದಳು. 2021ರ ಮಳೆಗಾಲದಲ್ಲಿ ಕೂತು ಕಲಿತೆ.

ಅಮೆರಿಕದ ನಾಸಾ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಸೇರಿ 2014ರ ಫೆಬ್ರವರಿಯಲ್ಲಿ ಜಿಪಿಎಂ ಎಂಬ ಉಪಗ್ರಹ ಹಾರಿಸಿದವು. ಅದರ ಮತ್ತು ಬೇರೆ ದೇಶಗಳ ಉಪಗ್ರಹಗಳ ಅಳತೆಗಳನ್ನೆಲ್ಲ ಕೂಡಿಸಿ ನಾಸಾ 'ಐಮರ್ಗ್' ಎಂಬ ಮಳೆ ಲೆಕ್ಕ ಕೊಡುತ್ತದೆ. ಭೂಮಿಯನ್ನು ಚೌಕಗಳಾಗಿ ಕೊರೆದು, ಪ್ರತಿ ಚೌಕಕ್ಕೆ ಅರ್ಧ ಗಂಟೆಗೊಂದು ಅಂಕಿ. ನಮ್ಮ ಕಡೆ ಚೌಕದ ಒಂದು ಬದಿ ಸುಮಾರು 11 ಕಿಲೋಮೀಟರ್. ನಾಸಾದ 'ಜೊವಾನಿ' ಎಂಬ ತಾಣದಲ್ಲಿ ಹೆಸರು ನೋಂದಾಯಿಸಿ, ನಕ್ಷೆಯಲ್ಲಿ ನಮ್ಮ ಊರಿನ ಮೇಲೆ ಚೌಕ ಎಳೆದು, ತಾರೀಖು ಕೊಟ್ಟರೆ ಅಂಕಿಗಳ ಪಟ್ಟಿ ಇಳಿಸಿಕೊಳ್ಳಬಹುದು. ಎಕ್ಸೆಲ್ ಬಂದರೆ ಸಾಕು.

ಮೊದಲ ವಾರ ನನ್ನ ಅಂಕಿಗೂ ಅದಕ್ಕೂ ತಾಳೆಯೇ ಆಗಲಿಲ್ಲ. ನಮ್ಮಲ್ಲಿ ಜೋರು ಮಳೆಯಾದ ದಿನ ಅಲ್ಲಿ ಕಮ್ಮಿ, ಹಿಂದಿನ ದಿನ ಜಾಸ್ತಿ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಉಪಗ್ರಹದ ದಿನ ಶುರುವಾಗುವುದು ಗ್ರೀನಿಚ್ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ. ನಮ್ಮದು 8.30ಕ್ಕೆ. ಅದೂ ಅಲ್ಲದೆ 9ರ ಬೆಳಿಗ್ಗೆಯಿಂದ 10ರ ಬೆಳಿಗ್ಗೆವರೆಗೆ ಬಿದ್ದ ಮಳೆಯನ್ನು ನಾವು 10ನೇ ತಾರೀಖಿಗೆ ಬರೆಯುತ್ತೇವೆ, ಅವರು 9ಕ್ಕೆ ಹಾಕುತ್ತಾರೆ. ಆದ್ದರಿಂದ ದಿನದ ಅಂಕಿ ಬಿಟ್ಟು ಅರ್ಧ ಗಂಟೆಯ ಅಂಕಿಗಳನ್ನೇ ಇಳಿಸಿಕೊಂಡೆ. 8.30ರಿಂದ 8.30ಕ್ಕೆ 48 ಅಂಕಿ ಕೂಡಿಸಬೇಕು. ಇಲ್ಲಿ ಇನ್ನೊಂದು ಎಚ್ಚರ ಬೇಕು: ಆ ಅಂಕಿಗಳು ಗಂಟೆಗೆ ಎಷ್ಟು ಮಿಲಿಮೀಟರ್ ಎಂಬ ವೇಗ. ಅರ್ಧ ಗಂಟೆಯ ಮಳೆ ಬೇಕೆಂದರೆ ಅರ್ಧ ಮಾಡಿ ಕೂಡಿಸಬೇಕು.

ಅಷ್ಟು ಮಾಡಿದ ಮೇಲೆ ಎರಡೂ ಸಾಕಷ್ಟು ಹತ್ತಿರ ಬಂದವು. ಉಪಗ್ರಹ ಸ್ವಲ್ಪ ಕಮ್ಮಿ ತೋರಿಸುತ್ತಿತ್ತು, ಅಷ್ಟೇ. ನನಗೆ ಬಹಳ ಖುಷಿಯಾಯಿತು. ಅಜ್ಜನ ಗೇಜೂ ಆಕಾಶದ ಕಣ್ಣೂ ಒಂದೇ ಮಾತು ಹೇಳುತ್ತಿವೆ ಎಂದು ಮಗಳಿಗೆ ಫೋನ್ ಮಾಡಿ ಹೇಳಿದೆ.

ಆಗಸ್ಟ್ ಕೊನೆಯಲ್ಲಿ ಪಕ್ಕದ ತೋಟದ ಹಿರಿಯರು ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ನಮ್ಮ ಪುಸ್ತಕ ತಿರುವಿ ಹಾಕಿದರು. "ನಿಮ್ಮಲ್ಲಿ ಇಷ್ಟು ಕಮ್ಮಿ ಹೇಗೆ ಮಾರಾಯ? ನಮಗೂ ನಿಮಗೂ ನಡುವೆ ಇರುವುದು ಒಂದು ಬೇಲಿ ತಾನೆ?" ಅಂದರು. ಹಿಂದಿನ ವರ್ಷಗಳ ಪುಟ ತೆಗೆದು ನೋಡಿದೆವು. 2020ರ ಜೂನ್‌ವರೆಗೆ ಇಬ್ಬರ ಅಂಕಿಯೂ ಹೆಚ್ಚುಕಮ್ಮಿ ಒಂದೇ. ಆಮೇಲೆ ನಮ್ಮದು ಒಮ್ಮೆಲೇ ಇಳಿದಿದೆ.

ರೈಟರನ್ನು ಕರೆದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಆಗ ಹಳೇ ಗ್ಲಾಸು ಒಡೆದಿತ್ತಲ್ಲ ಗೌಡ್ರೇ, ಹೊಸದು ತಂದೆವು."

ವಿಷಯ ಅಲ್ಲಿತ್ತು. ಅಳತೆ ಗ್ಲಾಸು ಗೇಜಿನ ಬಾಯಿಗೆ ಜೋಡಿ. ಬಾಯಿ ದೊಡ್ಡದಾದಷ್ಟೂ ಒಂದು ಮಿಲಿಮೀಟರ್ ಮಳೆಗೆ ಬೀಳುವ ನೀರು ಜಾಸ್ತಿ. ಹೊಸ ಗ್ಲಾಸು ಈಗಿನ ಫೈಬರ್ ಗೇಜಿನದು. ಅದರ ಬಾಯಿ 200 ಚದರ ಸೆಂಟಿಮೀಟರ್. ನಮ್ಮ ಹಿತ್ತಾಳೆಯದರ ಬಾಯಿ ಲೆಕ್ಕ ಹಾಕಿದರೆ 126.7 ಚದರ ಸೆಂಟಿಮೀಟರ್. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಗ್ಲಾಸಿನ 10 ಮಿಲಿಮೀಟರ್ ಗೆರೆವರೆಗೆ ನೀರು ತುಂಬಿಸಿ ತೂಗಿದೆ. 200 ಗ್ರಾಂ ಬಂತು. ನಮ್ಮ ಗೇಜಿಗೆ ಅದು 127 ಗ್ರಾಂ ಇರಬೇಕಿತ್ತು. ಎರಡು ಮಳೆಗಾಲ ನಾವು ಬಿದ್ದ ಮಳೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯನ್ನು ಪುಸ್ತಕಕ್ಕೆ ಬರೆದೇ ಇರಲಿಲ್ಲ.

ಸರಿಪಡಿಸುವುದು ಸುಲಭ. 200ನ್ನು 126.7ರಿಂದ ಭಾಗಿಸಿದರೆ 1.58. ತಪ್ಪು ಗ್ಲಾಸಿನ ಪ್ರತಿ ಅಂಕಿಯನ್ನೂ 1.58ರಿಂದ ಗುಣಿಸಿದೆ. ಪಕ್ಕದ ತೋಟದ ಲೆಕ್ಕಕ್ಕೆ ಕೂಡಲೇ ತಾಳೆಯಾಯಿತು. ಆದರೆ ಉಪಗ್ರಹದ ಲೆಕ್ಕ ದೂರ ಹೋಯಿತು. ಒಂದು ದಿನ ನಮ್ಮಲ್ಲಿ ಐದು ನಲವತ್ತು ಆಗಿತ್ತು, ಅಂದರೆ 137 ಮಿಲಿಮೀಟರ್. ಉಪಗ್ರಹದ ಲೆಕ್ಕ ಅದರ ಅರ್ಧಕ್ಕೂ ಬರಲಿಲ್ಲ. ನನ್ನ ತಪ್ಪು, ಅದರ ಕೊರತೆ ಎರಡೂ ಒಂದೇ ಕಡೆಗೆ ವಾಲಿದ್ದರಿಂದ ಅಷ್ಟು ದಿನ ಎರಡೂ ಸರಿ ಕಂಡಿದ್ದವು.

ಉಪಗ್ರಹ ಇಲ್ಲಿ ಯಾಕೆ ತಪ್ಪುತ್ತದೆ ಎಂಬುದು ನನಗೆ ಈಗ ಕಿಟಕಿಯಿಂದಲೇ ಕಾಣುತ್ತದೆ. ಜುಲೈಯ ಮೋಡ ನಮ್ಮ ಗುಡ್ಡಗಳ ನೆತ್ತಿಗೆ ಅಂಟಿಕೊಂಡೇ ಇರುತ್ತದೆ. ಸಮುದ್ರದ ಗಾಳಿ ಚಾರ್ಮಾಡಿ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ಏರುತ್ತಲೇ ಸುರಿಯುತ್ತದೆ. ಗುಡುಗಿಲ್ಲ, ಮಿಂಚಿಲ್ಲ, ಸುಮ್ನೆ ಹಗಲೂ ರಾತ್ರಿ ಹುಯ್ಯುವ ಮಳೆ. ನೆಲದ ಮೇಲಿನ ಮಳೆಯನ್ನು ಉಪಗ್ರಹದ ಮೈಕ್ರೋವೇವ್ ಕಣ್ಣು ಹೆಚ್ಚಾಗಿ ಮೋಡದ ಮೇಲ್ಭಾಗದ ಹಿಮದ ಹರಳುಗಳಿಂದ ಪತ್ತೆ ಮಾಡುತ್ತದೆ. ಇನ್ನೊಂದು ಕಣ್ಣು, ಇನ್‌ಫ್ರಾರೆಡ್, ಮೋಡದ ತುದಿ ಎಷ್ಟು ತಣ್ಣಗಿದೆ ಎಂದು ನೋಡುತ್ತದೆ. ನಮ್ಮ ಜುಲೈ ಮೋಡ ಗಿಡ್ಡ. ತುದಿ ಅಷ್ಟು ತಣ್ಣಗಿಲ್ಲ, ಹಿಮವೂ ಕಮ್ಮಿ. ಮೇಲಿನಿಂದ ನೋಡಿದರೆ ಅದು ಜೋರು ಮಳೆ ಕೊಡುವ ಮೋಡದ ಹಾಗೆ ಕಾಣುವುದೇ ಇಲ್ಲ. ಪಶ್ಚಿಮ ಘಟ್ಟದ ಮಳೆಯನ್ನು ಉಪಗ್ರಹಗಳು ಕಮ್ಮಿ ಲೆಕ್ಕ ಹಾಕುತ್ತವೆ ಎಂದು ವಿಜ್ಞಾನಿಗಳೂ ಬರೆದಿದ್ದಾರೆ. ಜೊತೆಗೆ ಆ 11 ಕಿಲೋಮೀಟರ್ ಚೌಕದ ಕಷ್ಟ. ಕೊಟ್ಟಿಗೆಹಾರದಲ್ಲಿ ಬಿಡದೆ ಹೊಯ್ಯುವ ದಿನ ಮೂಡಿಗೆರೆ ಪೇಟೆಯಲ್ಲಿ ಕೊಡೆ ಮಡಚಿ ನಡೆಯಬಹುದು. ಎರಡನ್ನೂ ಒಂದೇ ಅಂಕಿಯಲ್ಲಿ ಹೇಳಲು ಹೋದರೆ ಎರಡಕ್ಕೂ ಸರಿಹೋಗುವುದಿಲ್ಲ.

ಹಾಗಂತ ಉಪಗ್ರಹ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂ ಮಳೆಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನದ ಮೇಲೆ ಎತ್ತರಕ್ಕೆ ಎದ್ದು, ಗುಡುಗಿ, ಒಂದು ಗಂಟೆ ಸುರಿದು ಹೋಗುವ ಮೋಡ ಅದು. ತುದಿಯಲ್ಲಿ ಬೇಕಾದಷ್ಟು ಹಿಮ, ಕೆಲವು ಸಲ ಕಣಕ್ಕೇ ಆಲಿಕಲ್ಲು. ಅಂಥ ದಿನ ಮಳೆ ಶುರುವಾದ ಹೊತ್ತು ಅರ್ಧ ಗಂಟೆಯ ಅಂಕಿಯಲ್ಲಿ ನಿಚ್ಚಳವಾಗಿ ಸಿಗುತ್ತದೆ. ರೊಬಸ್ಟಾ ಕಾಫಿ ಅರಳಲು ಒಂದು ಇಂಚಾದರೂ ಬೇಕು. ಇಷ್ಟಾಗಿಯೂ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವುದು ಗೇಜು ನೋಡಿಯೇ.

ಐಮರ್ಗ್ ಲೆಕ್ಕ ಮೂರು ಸಲ ಹೊರಬರುತ್ತದೆ. ಮಳೆಯಾಗಿ ಸುಮಾರು ನಾಲ್ಕು ಗಂಟೆ ಕಳೆದ ಮೇಲೆ ಒಂದು, ಮರುದಿನಕ್ಕೆ ಒಂದು, ಮೂರು ತಿಂಗಳು ದಾಟಿದ ಮೇಲೆ ಕೊನೆಯದು. ಆ ಕೊನೆಯದನ್ನು ನೆಲದ ಗೇಜುಗಳ ತಿಂಗಳ ಲೆಕ್ಕದ ಜೊತೆ ಹೊಂದಿಸಿರುತ್ತಾರೆ. ಅಂದರೆ ಆಕಾಶದ ಲೆಕ್ಕವೂ ಕೊನೆಗೆ ನೆಲದ ಗೇಜನ್ನೇ ಕೇಳುತ್ತದೆ. 2017ರಲ್ಲಿ ವಿಜ್ಞಾನಿ ಕ್ರಿಸ್ ಕಿಡ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿದರು. ಜಗತ್ತಿನಲ್ಲಿ ಲಭ್ಯವಿರುವ ಎಲ್ಲ ಮಳೆ ಗೇಜುಗಳ ಬಾಯಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಅರ್ಧ ಫುಟ್‌ಬಾಲ್ ಮೈದಾನವೂ ತುಂಬುವುದಿಲ್ಲವಂತೆ. ಅದನ್ನು ಓದಿದ ದಿನ ಕಣಕ್ಕೆ ಹೋಗಿ ಗೇಜಿನ ಬಾಯಿ ಒರೆಸಿ ಬಂದೆ. ಆಲಿಕೆಯಲ್ಲಿ ಸಿಲ್ವರ್ ಓಕ್ ಮರದ ಎಲೆ ಸಿಕ್ಕಿಕೊಂಡಿತ್ತು. ಹತ್ತಿರದ ಆ ಮರ ಬೆಳೆದು ಗೇಜಿನ ಮೇಲೆ ಹನಿ ಹಾಕುವಷ್ಟು ಬಾಗಿತ್ತು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಗೇಜು ಇರಬೇಕು. ಕಣದ ನಡುವಿಗೆ ಸರಿಸಿ ಸಿಮೆಂಟು ಹಾಕಿಸಿದೆ. ಕಾಫಿ ಒಣಗಿಸುವಾಗ ಅದು ಅಡ್ಡ ಬರುತ್ತದೆ, ಬರಲಿ.

ನಿಮ್ಮ ಮನೆಯಲ್ಲಿ ಗೇಜು ಇಲ್ಲದಿದ್ದರೆ ನೇರ ಬಾಯಿಯ ಡಬ್ಬ, ಒಂದು ಆಲಿಕೆ, ತಕ್ಕಡಿ ಇಷ್ಟಿದ್ದರೂ ಆಗುತ್ತದೆ. ಆಲಿಕೆಯ ಬಾಯಿಯ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ ತೆಗೆಯಿರಿ. ನೀರಿನ ತೂಕವನ್ನು ಗ್ರಾಂನಲ್ಲಿ ತೂಗಿ, ವಿಸ್ತೀರ್ಣದಿಂದ ಭಾಗಿಸಿ, ಹತ್ತರಿಂದ ಗುಣಿಸಿ. ಅದು ಮಿಲಿಮೀಟರ್. ನಾನೂ ಈಗ ನಮ್ಮ ಗೇಜಿಗೆ ಸರಿಹೊಂದುವ ಗ್ಲಾಸಿನ ಜೊತೆಗೆ ವಾರಕ್ಕೊಮ್ಮೆ ಹೀಗೆ ತೂಗಿ ನೋಡುತ್ತೇನೆ.

ಅಜ್ಜನ ಪುಸ್ತಕದಲ್ಲಿ ಆ ಎರಡು ಮಳೆಗಾಲದ ಅಂಕಿಗಳನ್ನು ಹೊಡೆದುಹಾಕಲಿಲ್ಲ. ಬರೆದದ್ದು ಹಾಗೆಯೇ ಇದೆ. 2020ರ ಜೂನ್ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಇಲ್ಲಿಂದ 2021ರ ಆಗಸ್ಟ್‌ವರೆಗೆ ಗ್ಲಾಸು ಬೇರೆ. 1.58ರಿಂದ ಗುಣಿಸಿ ಓದಿ."