ಕ್ಲಬ್ಬಿಗೆ ಜನ ಬಂದದ್ದು ವರ್ಟ್‌ನ ನೆವದಲ್ಲಿ

ಓಹಾಯೊದ ನಮ್ಮ ಊರಿನಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಒಂದು ಕ್ಲಬ್ ಇದೆ. ನಾನು ಅದರ ಕಾರ್ಯದರ್ಶಿಯಾದಾಗ ಸಭೆಗೆ ಬರುತ್ತಿದ್ದವರನ್ನೆಲ್ಲ ಒಂದೇ ಕಾರಿನಲ್ಲಿ ಕೂರಿಸಬಹುದಿತ್ತು. ಹೆಚ್ಚಿನವರು ನಿವೃತ್ತರು. ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಮನೆಯ ಬಿಯರ್ ಕಾನೂನುಬದ್ಧವಾದ ಕಾಲವನ್ನು ಕಂಡವರು. ಒಬ್ಬನೇ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200, ಮಾರುವಂತಿಲ್ಲ ಎಂಬ ನಿಯಮ ಇಂದಿಗೂ ಹಾಗೆಯೇ ಇದೆ. ಅಂದು ಅಂಗಡಿಗಳಲ್ಲಿ ಬೇರೆ ಬಗೆಯ ಬಿಯರ್ ಸಿಗುವುದೇ ಅಪರೂಪವಾಗಿತ್ತು, ಆದ್ದರಿಂದ ಅವರು ತಾವೇ ಮಾಡಿಕೊಂಡರು. ಈಗ ಪಕ್ಕದ ಬೀದಿಯಲ್ಲೇ ಕಿರು ಬ್ರೂವರಿ ಇರುವಾಗ, ಒಂದು ಲೋಟ ಒಳ್ಳೆಯ ಬಿಯರಿಗಾಗಿ ಯಾರು ತಾನೇ ಶನಿವಾರವಿಡೀ ಪಾತ್ರೆ ತೊಳೆಯುತ್ತಾರೆ?

ಭಿತ್ತಿಪತ್ರ ಅಂಟಿಸಿದೆವು, ಕ್ಲಬ್ಬಿನ ಹೆಸರಿನ ಅಂಗಿ ಹೊಲಿಸಿದೆವು. ಜನ ಬಂದರು ಕೂಡ. ಆದರೆ ನಮ್ಮ ಸಭೆ ಎಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಎಷ್ಟು, ಸಲ್ಫೇಟ್ ಎಷ್ಟು ಎಂಬ ಚರ್ಚೆ. ಹೊಸಬರು ಮೂಲೆಯಲ್ಲಿ ಕುಳಿತು ಎರಡು ಗುಟುಕು ರುಚಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಅವರಿಗೆ ಎರಡನೆಯ ಸಲ ಬರಲು ನಾವು ಕೆಲಸವನ್ನೇ ಇಟ್ಟಿರಲಿಲ್ಲ.

ಆ ಕೆಲಸ ಸಿಕ್ಕಿದ್ದು ವರ್ಟ್ ಹಂಚುವುದರಲ್ಲಿ. ಮಾಲ್ಟನ್ನು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿದ ಸಿಹಿ ಕಷಾಯವೇ ವರ್ಟ್. ಯೀಸ್ಟ್ ಬೀಳುವವರೆಗೆ ಅದು ಮದ್ಯವಲ್ಲ. ಒಬ್ಬ ಸದಸ್ಯರ ಗ್ಯಾರೇಜಿನ ಮುಂದೆ, ಹಾಡಹಗಲಲ್ಲಿ, ದೊಡ್ಡ ಹಂಡೆಗಳಲ್ಲಿ ಎಲ್ಲರೂ ಸೇರಿ ಕುದಿಸುವುದು. ತಣ್ಣಗಾದ ಮೇಲೆ ಪ್ರತಿಯೊಬ್ಬರೂ ಒಂದು ಬಕೆಟ್, ಎಂದರೆ 5 ಗ್ಯಾಲನ್, ಮನೆಗೆ ಒಯ್ದು ಬೇರೆ ಬೇರೆ ಯೀಸ್ಟ್ ಹಾಕುವುದು. ಆರು ವಾರಗಳ ನಂತರ ಬಾಟಲಿ ಹಿಡಿದು ಮರಳಿ ಬರುವುದು. ಇಪ್ಪತ್ತೊಂದು ತುಂಬಿದವರಿಗೆ ಮಾತ್ರ. ಇದಕ್ಕೆ ಅಮೆರಿಕನ್ ಹೋಂಬ್ರೂವರ್ಸ್ ಅಸೋಸಿಯೇಶನ್ ನಡೆಸುವ ‘ಬಿಗ್ ಬ್ರೂ’ ದಿನವನ್ನೇ, ಅಂದರೆ ಮೇ ತಿಂಗಳ ಮೊದಲ ಶನಿವಾರವನ್ನೇ ಆರಿಸಿಕೊಂಡೆವು. ಸಲಕರಣೆಯ ಚಿಂತೆಯೇ ಇರಲಿಲ್ಲ. ಹಳೆಯ ಸದಸ್ಯರ ನೆಲಮಾಳಿಗೆಗಳಲ್ಲಿ ಹೆಚ್ಚುವರಿ ಬಕೆಟ್, ಏರ್‌ಲಾಕ್, ಹೈಡ್ರೋಮೀಟರ್‌ಗಳು ಧೂಳು ತಿನ್ನುತ್ತಿದ್ದವು. ಅವೇ ಎರವಲು ಭಂಡಾರವಾದವು. ಅವರ ಹೆಂಡತಿಯರಿಗಂತೂ ಕ್ಲಬ್ಬಿನ ಬಗ್ಗೆ ಮೊದಲ ಸಲ ಗೌರವ ಹುಟ್ಟಿತು.

ಮೊದಲ ಹಂಡೆಗೆ ಧಾನ್ಯ ಯಾವುದು ಎಂಬ ಮಾತು ಬಂದಾಗ ರಾಗಿ ಎಂದೆ. ನಾನು ತುಮಕೂರಿನ ಕಡೆಯವನು, ಬೇರೇನು ಹೇಳಲಿ? ರಾಗಿಯನ್ನು ಬಾರ್ಲಿಯ ಹಾಗೆ ನೇರವಾಗಿ ನೆನೆಸಿದರೆ ಕೆಲಸ ನಡೆಯುವುದಿಲ್ಲ. ಅದರ ಪಿಷ್ಟ ಅರಳಲು ಬಾರ್ಲಿಯ ಪಿಷ್ಟಕ್ಕಿಂತ ಹೆಚ್ಚು ಬಿಸಿ ಬೇಕು. ಸೋಸುವಾಗ ಜಾಲರಿಯಂತೆ ನೆರವಾಗುವ ಸಿಪ್ಪೆಯೂ ಅದಕ್ಕಿಲ್ಲ, ಹಂಡೆಯ ತಳ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೊದಲು ರಾಗಿಹಿಟ್ಟನ್ನು ಗಟ್ಟಿ ಅಂಬಲಿ ಮಾಡಿ, ಸ್ವಲ್ಪ ಆರಿಸಿ, ಬಾರ್ಲಿ ಮಾಲ್ಟಿನ ಹಂಡೆಗೆ ಸುರಿದೆವು. ಹಂಡೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುವಂತೆ ನೋಡಿಕೊಂಡು, ಸೋಸಲು ಭತ್ತದ ಹೊಟ್ಟನ್ನೂ ಬೆರೆಸಿದೆವು.

ಮುಂದೆ ನಡೆದದ್ದೇ ನಮ್ಮ ಅತ್ಯುತ್ತಮ ಜಾಹೀರಾತು. ಸೌಟು ಹಿಡಿದು ತಿರುಗಿಸುತ್ತಿದ್ದ ಹೊಸಬಳೊಬ್ಬಳಿಗೆ ಮೊದಲು ಕೈ ನೋಯುವಷ್ಟು ದಪ್ಪವಾಗಿದ್ದದ್ದು ನೋಡನೋಡುತ್ತಲೇ ನೀರಾಯಿತು. ಬಾರ್ಲಿ ಮೊಳೆಯುವಾಗ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಕಷಾಯ, ಅದಕ್ಕೊಂದು ಹನಿ ಅಯೋಡಿನ್: ಕಡುನೀಲಿ. ಅರ್ಧ ಗಂಟೆಯಾದ ಮೇಲೂ ನೀಲಿಯೇ, ಆದರೆ ತಿಳಿ. ಇನ್ನಷ್ಟು ಕಾದ ಮೇಲೆ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿಯಿತು, ಪಿಷ್ಟ ಮುಗಿದಿತ್ತು. ದಾರಿಹೋಕರು ನಿಂತು ನೋಡಿದರು. ಸಲ್ಫೇಟಿನ ಬಗ್ಗೆ ಅಂದು ಯಾರೂ ಬಾಯಿ ಬಿಡಲಿಲ್ಲ.

ಆರು ವಾರಗಳ ನಂತರದ ಸಭೆಗೆ ಕುರ್ಚಿ ಸಾಲಲಿಲ್ಲ. ಒಂದೇ ಹಂಡೆಯ ವರ್ಟ್, ಆದರೆ ಜರ್ಮನ್ ಗೋಧಿ ಬಿಯರಿನ ಯೀಸ್ಟ್ ಹಾಕಿದವರದರಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ, ಬೆಲ್ಜಿಯಂನ ಸೇಸಾನ್ ಯೀಸ್ಟಿನದರಲ್ಲಿ ಮೆಣಸಿನ ಕಾರ. ತಂಪು ಕೋಣೆಯಿಲ್ಲದ ಬಾಡಿಗೆ ಮನೆಯ ಹುಡುಗನೊಬ್ಬ ನಾರ್ವೆಯ ಕ್ವೈಕ್ ಎಂಬ ಯೀಸ್ಟ್ ಹಾಕಿದ್ದ. 35 ಡಿಗ್ರಿಯಲ್ಲೂ ಅದು ಸಲೀಸಾಗಿ ಹುದುಗಿ ಕಿತ್ತಳೆಯ ಘಮ ಕೊಟ್ಟಿತ್ತು. ಇದರಲ್ಲಿ ಅನುಭವಿ, ಅನನುಭವಿ ಎಂಬ ಭೇದ ಅರ್ಧ ಅಳಿಸಿಹೋಗುತ್ತದೆ. ಎಲ್ಲರ ಬಳಿಯೂ ಹೇಳಲು ಒಂದು ಕತೆ ಇರುತ್ತದೆ, ಪಕ್ಕದವರ ಬಾಟಲಿಯ ಬಗ್ಗೆ ಕುತೂಹಲವೂ ಇರುತ್ತದೆ. ಬೆಣ್ಣೆಯ ವಾಸನೆ ಬಂದರೆ ಅದು ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕ, ಯೀಸ್ಟಿಗೆ ಇನ್ನೆರಡು ದಿನ ಕೊಡಬೇಕಿತ್ತು ಎಂದು ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ.

ಎಲ್ಲರಿಗೂ ಇದು ಹಿಡಿಸಿತು ಎನ್ನಲಾರೆ. ಸ್ಪರ್ಧೆಗೆ ಬಿಯರ್ ಕಳಿಸುವ ಹಿರಿಯರಿಗೆ ಇದು ಮಕ್ಕಳಾಟ. ಕೊಂಬುಚಾ (ಹುದುಗಿಸಿದ ಚಹಾ), ಸೈಡರ್ (ಹುದುಗಿಸಿದ ಸೇಬಿನ ರಸ) ಮಾಡುವವರನ್ನು ಸೇರಿಸಿದಾಗ ಗೊಣಗಾಟ ಇನ್ನೂ ಜೋರಾಯಿತು. ಆ ಹಿರಿಯರಿಗಾಗಿ ಒಂದು ಪ್ರತ್ಯೇಕ ಸಂಜೆ ಇಟ್ಟಿದ್ದೇವೆ. ಅಲ್ಲಿ ಅಂಕ, ವಾದ, ನೀರಿನ ರಸಾಯನ ಎಲ್ಲವೂ ಉಂಟು. ನನಗೂ ಅದು ಇಷ್ಟವೇ, ಆದರೆ ಹೊಸಬರ ಮುಂದೆ ಬೇಡ.

ಈಗಿರುವ ನಿಯಮ ಒಂದೇ: ಮುಂದಿನ ವರ್ಟ್ ಯಾವುದೆಂದು ಕೊನೆಗೆ ಸೇರಿದ ಸದಸ್ಯರು ನಿರ್ಧರಿಸಬೇಕು. ಈ ಸಲದವರು ಹೊಗೆಯಲ್ಲಿ ಒಣಗಿಸಿದ ಮಾಲ್ಟ್ ಕೇಳಿದ್ದಾರೆ. ಅರ್ಧ ಕ್ಲಬ್ಬಿಗೆ ಅದರ ವಾಸನೆಯೇ ಆಗುವುದಿಲ್ಲ. ಮಾಲ್ಟಿಗೆ ಹಣ ಕಟ್ಟಿ ಆಗಿದೆ.