ಕಮ್ಯುನಿಸ್ಟ್ ಸೊಪ್ಪು ಮತ್ತು ನನ್ನ ಹೆಬ್ಬೆರಳು

ಅಡಿಕೆ ಸುಲಿಯುವವರ ಕೈ ನೋಡಿದ್ದೀರಾ? ನನ್ನ ಎಡಗೈ ಹೆಬ್ಬೆರಳಲ್ಲೇ ನಾಲ್ಕು ಗೆರೆ ಇವೆ, ಎಲ್ಲವೂ ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಕತ್ತಿಯ ಕೆಲಸ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ನಮ್ಮ ತೋಟ. ಸಣ್ಣಪುಟ್ಟ ಗಾಯಕ್ಕೆ ಇಲ್ಲಿ ಯಾರೂ ಪೇಟೆಗೆ ಓಡುವುದಿಲ್ಲ, ಅಂಗಳ ಇಳಿದು ಬೇಲಿಯ ಹತ್ತಿರ ಹೋದರೆ ಮದ್ದು ಸಿಗುತ್ತದೆ.

ಆ ಮದ್ದೇ ಕಮ್ಯುನಿಸ್ಟ್ ಸೊಪ್ಪು. ಮಲಯಾಳದವರು ಕಮ್ಯುನಿಸ್ಟ್ ಪಚ್ಚ ಅನ್ನುತ್ತಾರೆ, ನಾವೂ ಅದನ್ನೇ ಹಿಡಿದುಕೊಂಡಿದ್ದೇವೆ. ಗಿಡ ನಮ್ಮದಲ್ಲ, ಅಮೆರಿಕದ ಕಡೆಯದು. ಖಾಲಿ ಜಾಗ ಕಂಡಲ್ಲೆಲ್ಲ ಹಬ್ಬುತ್ತದೆ, ದನವೂ ಮೂಸಿ ನೋಡುವುದಿಲ್ಲ. ಬೇರೆ ದಿನ ಅದಕ್ಕೆ ಬೈಯುತ್ತಾ ಕಡಿಯುವವನೂ ನಾನೇ! ಎಲೆಯಲ್ಲಿ ಬುಡದಿಂದ ಮೂರು ನರ ತ್ರಿಶೂಲದ ಹಾಗೆ ಹೋಗುತ್ತವೆ, ಅಂಗೈಯಲ್ಲಿ ಉಜ್ಜಿದರೆ ಗಾಟು ವಾಸನೆ. ನಾಲ್ಕೈದು ಎಳೆ ಎಲೆ ಹಿಂಡಿದರೆ ಎರಡು ಮೂರು ಹನಿ ಕಡುಹಸಿರು ರಸ ಬರುತ್ತದೆ. ಗಾಯಕ್ಕೆ ಬಿದ್ದರೆ ಚುರ್ ಅಂತ ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ. ವಿಯೆಟ್ನಾಂನಲ್ಲಿ ಇದೇ ಎಲೆಯ ಸಾರವನ್ನು ಸುಟ್ಟ ಗಾಯಕ್ಕೆ ಬಳಸುತ್ತಾರೆ, ಹಾಗಾಗಿ ಇದು ಬರೀ ಅಜ್ಜಿ ಮದ್ದಲ್ಲ.

ಆದರೆ ಇದೇ ಸೊಪ್ಪು ಒಮ್ಮೆ ನನಗೆ ಕೈಕೊಟ್ಟಿತು. ಸೊಪ್ಪಿನ ತಪ್ಪಲ್ಲ, ನನ್ನದೇ. ಮಳೆಗಾಲದಲ್ಲಿ ತೋಟದಲ್ಲಿ ಕತ್ತಿ ತಾಗಿತು, ಕೈಯೆಲ್ಲ ಕೆಸರು. ತೊಳೆಯದೆ ಹಾಗೇ ಎಲೆ ಹಿಂಡಿ, ಬಟ್ಟೆ ಚೂರು ಸುತ್ತಿ ಕೆಲಸ ಮುಂದುವರಿಸಿದೆ. ರಕ್ತ ನಿಂತಿತು, ಸಮಾಧಾನವಾಯಿತು. ಮೂರನೇ ದಿನ ಬೆರಳು ಬಾಳೆಕಾಯಿಯ ಹಾಗೆ ಊದಿಕೊಂಡು ರಾತ್ರಿಯೆಲ್ಲ ಟಕ್ ಟಕ್ ಅಂತ ಬಡಿಯಲು ಶುರು. ಡಾಕ್ಟರು ಕೊಯ್ದು ಕೀವು ತೆಗೆದರು, ಧನುರ್ವಾಯು ಬಾರದ ಹಾಗೆ ಟಿಟಿ ಚುಚ್ಚಿದರು. "ಸೊಪ್ಪು ಹಾಕಿ ಮಾರಾಯ್ರೆ, ಬೇಡ ಹೇಳುವುದಿಲ್ಲ, ಮೊದಲು ತೊಳೆಯಬಾರದಾ?" ಅಂದರು. ರಕ್ತ ನಿಲ್ಲುವುದು ಬೇರೆ, ಗಾಯ ಸ್ವಚ್ಛವಾಗುವುದು ಬೇರೆ ಅಂತ ನನಗೆ ಹೊಳೆದದ್ದೇ ಆವತ್ತು.

ಈಗ ಮೊದಲು ಪಂಪಿನ ನೀರಿನ ಕೆಳಗೆ ಕೈ ಹಿಡಿದು, ಸುತ್ತಲೂ ಸೋಪು ಹಚ್ಚಿ ಚೆನ್ನಾಗಿ ತೊಳೆಯುತ್ತೇನೆ. ಆಮೇಲೆ ಶುದ್ಧ ಬಟ್ಟೆಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಮಧ್ಯೆ ಮಧ್ಯೆ ತೆಗೆದು ನೋಡುವ ಚಪಲ ಬೇಡ. ಹೆಚ್ಚಿನ ಗಾಯ ಇಷ್ಟಕ್ಕೇ ನಿಲ್ಲುತ್ತದೆ, ಸೊಪ್ಪೇ ಬೇಕಾಗುವುದಿಲ್ಲ. ಬೇಕಾದರೆ ಎಲೆಯನ್ನೂ ತೊಳೆದು ರಸ ಬಿಡುತ್ತೇನೆ, ಅದೂ ಮೇಲ್ಮೈ ಗಾಯಕ್ಕೆ ಮಾತ್ರ. ಕುಡಿಯಲಂತೂ ಬೇಡವೇ ಬೇಡ.

ತರಚಿದ್ದಕ್ಕೆ ನಮ್ಮ ತೋಟದ ಅರಿಶಿನದ ಕೊಂಬನ್ನೇ ತೊಳೆದ ಕಲ್ಲಿನಲ್ಲಿ ತೆಂಗಿನೆಣ್ಣೆ ಹಾಕಿ ತೇಯ್ದು ತೆಳ್ಳಗೆ ಹಚ್ಚುತ್ತೇನೆ. ಅಂಗಡಿ ಪುಡಿಗೆ ಬಣ್ಣ ಬೆರೆಸುವುದುಂಟು, ನನಗೆ ನಂಬಿಕೆ ಇಲ್ಲ. ಕಾಫಿಪುಡಿ, ಸುಣ್ಣ, ಜೇಡರ ಬಲೆ, ಸೆಗಣಿ ಇದೆಲ್ಲ ನಮ್ಮಲ್ಲೂ ನಡೆಯುತ್ತಿತ್ತು. ಸೆಗಣಿ ಅಂದರೆ ಧನುರ್ವಾಯುವನ್ನು ಕೈಯಾರೆ ಕರೆದ ಹಾಗೆ, ದಯವಿಟ್ಟು ಬೇಡ.

ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಒತ್ತಿದರೂ ರಕ್ತ ನಿಲ್ಲದಿದ್ದರೆ, ತುಕ್ಕು ಮೊಳೆ ಚುಚ್ಚಿದ್ದರೆ, ನಾಯಿ ಕಚ್ಚಿದ್ದರೆ ನಾನು ಬೇಲಿ ಕಡೆ ಹೋಗುವುದೇ ಇಲ್ಲ, ಸೀದಾ ಬೈಕು ಹತ್ತುತ್ತೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರ ಕಾಲಿಗೆ ಮುಳ್ಳು ತಾಗಿದರೂ ಡಾಕ್ಟರಿಗೇ ತೋರಿಸುವುದು.

ಇನ್ನು ಮುರಿವೆಣ್ಣೆ. ನುಗ್ಗೆ ಸೊಪ್ಪು, ಹೊಂಗೆ, ವೀಳ್ಯದೆಲೆ, ಲೋಳೆಸರ, ಈರುಳ್ಳಿ ಎಲ್ಲ ಹಾಕಿ ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದು, ಕೇರಳದ ಮನೆಮನೆಯಲ್ಲೂ ಒಂದು ಬಾಟಲಿ ಇರುತ್ತದೆ ಅಲ್ವಾ. ಹಸಿ ಗಾಯಕ್ಕೆ ನಾನು ಹಾಕುವುದಿಲ್ಲ. ಚರ್ಮ ಕೂಡಿಕೊಂಡ ಮೇಲೆ ಬಿಗಿತಕ್ಕೆ, ಬಿದ್ದು ಪೆಟ್ಟಾದಲ್ಲಿ ನೋವಿಗೆ ರಾತ್ರಿ ಹಚ್ಚಿ ಮಲಗುತ್ತೇನೆ. ಹಾಸಿಗೆ ಬಟ್ಟೆಗೆ ಎಣ್ಣೆ ಕಲೆ, ಬೆಳಿಗ್ಗೆ ಹೆಂಡತಿಯಿಂದ ಬೈಗುಳ.