ಕನ್ನಡ ಓದುವ ಮಗುವಿಗೆ ಇ-ರೀಡರ್ ಆರಿಸುವುದು ಹೇಗೆ?

ಪ್ರಾಥಮಿಕ ಶಾಲೆಯ ಮಗುವಿಗೆ ಇ-ರೀಡರ್ (ಪುಸ್ತಕ ಓದಲೆಂದೇ ಮಾಡಿದ, ಕಾಗದದಂತೆ ಕಾಣುವ ಪರದೆಯ ಯಂತ್ರ) ಕೊಡಿಸಬೇಕು ಅಂದ ಕೂಡಲೇ ಎಲ್ಲರೂ ಬೆಲೆ, ಪರದೆಯ ಅಳತೆ, ಬ್ಯಾಟರಿ ನೋಡುತ್ತಾರೆ. ಮಗು ಇಂಗ್ಲಿಷ್ ಮಾತ್ರ ಓದುವುದಾದರೆ ಅಷ್ಟು ಸಾಕು. ಕನ್ನಡವನ್ನೂ ಓದಬೇಕು ಅಂದರೆ ಅದಕ್ಕೂ ಮೊದಲು ಎರಡು ವಿಷಯ ಖಚಿತವಾಗಬೇಕು. ಪುಸ್ತಕ ಎಲ್ಲಿಂದ ಬರುತ್ತದೆ? ಬಂದ ಪುಸ್ತಕದಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ? ಇವೆರಡನ್ನೂ ನೋಡದೆ ದುಡ್ಡು ಸುರಿದರೆ ಯಂತ್ರ ಬೇಗನೆ ಕಪಾಟು ಸೇರುತ್ತದೆ.

ಕಾಗುಣಿತ ಕಲಿಯುತ್ತಿರುವ, ಬೆರಳಿಟ್ಟು ಓದುವ ಒಂದು-ಎರಡನೇ ತರಗತಿಯ ಮಗುವಿಗೆ ಕಾಗದದ ಚಿತ್ರಪುಸ್ತಕವೇ ಒಳ್ಳೆಯದು. ಹೊಸ ಕಥೆಯ ಒಂದು ಪುಟ ಕೊಟ್ಟು ನೋಡಿ. ಯಾರ ಸಹಾಯವೂ ಇಲ್ಲದೆ ಓದಿ, ಏನಾಯಿತು ಅಂತ ತನ್ನ ಮಾತಿನಲ್ಲಿ ಹೇಳಿದರೆ ಇ-ರೀಡರ್ ಕೊಡಬಹುದು. ಅಲ್ಲಿಯವರೆಗೆ ಕಾಯಿರಿ.

ಪುಸ್ತಕ ಎಲ್ಲಿಂದ?

ಮಕ್ಕಳ ಕನ್ನಡ ಪುಸ್ತಕ ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುವ ಒಳ್ಳೆಯ ಜಾಗ ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ತಾಣ ಇದು. ಭಾಷೆ ಕನ್ನಡ ಅಂತ ಆರಿಸಿ, 1ರಿಂದ 4ರವರೆಗಿನ ಓದಿನ ಹಂತಗಳಲ್ಲಿ ಬೇಕಾದ್ದನ್ನು ಗುರುತಿಸಿ, ಲಾಗಿನ್ ಆಗಿ ಇಳಿಸಿಕೊಳ್ಳಬಹುದು. 1 ಮತ್ತು 2ನೇ ಹಂತದಲ್ಲಿ ಚಿತ್ರವೇ ಹೆಚ್ಚು, ಪಠ್ಯ ಕಡಿಮೆ. ಕಪ್ಪು-ಬಿಳುಪು ಪರದೆಯಲ್ಲಿ ಅವು ಸಪ್ಪೆ. ಇ-ರೀಡರಿಗೆ ಹೊಂದುವುದು 3 ಮತ್ತು 4ನೇ ಹಂತ.

ಅಮೆಜಾನಿನ ಇ-ರೀಡರ್ ಕಿಂಡಲ್. ಅದರ ಆನ್‌ಲೈನ್ ಅಂಗಡಿಯನ್ನು ನಂಬಿ ಕನ್ನಡಕ್ಕಾಗಿ ಕಿಂಡಲ್ ಕೊಳ್ಳಬೇಡಿ. ಅಮೆಜಾನ್ 2016ರಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ದುಡ್ಡು ಕೊಟ್ಟು ಕನ್ನಡ ಇ-ಪುಸ್ತಕ ಕೊಳ್ಳಲು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಥರದ ಆ್ಯಪ್‌ಗಳಿವೆ. ಆದರೆ ಆ್ಯಪ್ ಕಿಂಡಲ್ಲಿನಲ್ಲೂ ಕೋಬೋ ಎಂಬ ಇನ್ನೊಂದು ಕಂಪನಿಯ ಇ-ರೀಡರಿನಲ್ಲೂ ನಡೆಯುವುದಿಲ್ಲ, ಅದಕ್ಕೆ ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ರೀಡರ್ ಬೇಕು. ಅದರಲ್ಲಿ ಕನ್ನಡ ಚೆನ್ನಾಗಿಯೇ ಮೂಡುತ್ತದೆ. ತೊಂದರೆ ಏನೆಂದರೆ, ಪ್ಲೇ ಸ್ಟೋರ್ ಇದ್ದ ಕಡೆ ಯೂಟ್ಯೂಬೂ ಬರುತ್ತದೆ, ಆಟಗಳೂ ಬರುತ್ತವೆ. ಹತ್ತಿರ ಕೂತು ನೋಡಿಕೊಳ್ಳುವವರಿದ್ದರೆ ಮಾತ್ರ ಇದನ್ನು ಆರಿಸಿ.

ಪಠ್ಯಪುಸ್ತಕ ಓದಿಸಲೆಂದು 6 ಇಂಚಿನ ಯಂತ್ರ ಬೇಡವೇ ಬೇಡ. ಅದರ ಪರದೆ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಎ4 ಅಳತೆಯ ಪಿಡಿಎಫ್ ಪುಟ ಅದರೊಳಗೆ ಕೂರಬೇಕಾದರೆ 12 ಪಾಯಿಂಟಿನ ಅಕ್ಷರ ಸುಮಾರು 5 ಪಾಯಿಂಟಿಗೆ ಇಳಿಯುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟ ಎಳೆದಾಡಬೇಕು, ಪರದೆ ಪ್ರತಿ ಸಲ ಮಿನುಗುತ್ತದೆ. ಕಥೆಪುಸ್ತಕಕ್ಕೂ ಇದೇ ಮಾತು: ಪಿಡಿಎಫ್ ಮತ್ತು ಇಪಬ್ (ಇ-ಪುಸ್ತಕದ ಕಡತ ರೂಪ) ಎರಡೂ ಇದ್ದರೆ ಇಪಬ್ ತೆಗೆದುಕೊಳ್ಳಿ, ಅದರಲ್ಲಿ ಅಕ್ಷರದ ಗಾತ್ರ ನಮ್ಮ ಕೈಯಲ್ಲಿರುತ್ತದೆ.

ಯಂತ್ರದಲ್ಲಿ ಏನು ನೋಡಬೇಕು?

ಎಲ್ಲಕ್ಕಿಂತ ಮುಖ್ಯ ಪರದೆಯ ಸಾಂದ್ರತೆ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆಗಳಿವೆ ಅನ್ನುವ ಲೆಕ್ಕ (ಪಿಪಿಐ). 300 ಪಿಪಿಐಗೆ ಕಡಿಮೆ ಇರುವುದನ್ನು ಕನ್ನಡಕ್ಕೆ ತೆಗೆದುಕೊಳ್ಳಬೇಡಿ. ಪ-ಫ, ದ-ಧ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು ಅಷ್ಟೇ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದು. ಓದಿ ಪಳಗಿದವರು ಊಹಿಸಿಕೊಂಡು ಮುಂದೆ ಹೋಗುತ್ತಾರೆ, ಮಗುವಿಗೆ ಆ ಊಹೆ ಇನ್ನೂ ಬಂದಿರುವುದಿಲ್ಲ. 2019ರ ಸಾದಾ ಕಿಂಡಲ್ 167 ಪಿಪಿಐ, 2022ರದು 300. ಎರಡೂ 6 ಇಂಚು, ಹೆಸರೂ ಒಂದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಜನ ಮೋಸಹೋಗುವುದು ಇಲ್ಲೇ.

ತೂಕ ಕವರ್ ಬಿಟ್ಟು 200 ಗ್ರಾಂ ಆಸುಪಾಸಿನಲ್ಲಿರಲಿ. 2022ರ ಸಾದಾ ಕಿಂಡಲ್ 158 ಗ್ರಾಂ, ಕೋಬೋ ಕ್ಲಾರಾ ಬಿಡಬ್ಲ್ಯು 174, 2024ರ 7 ಇಂಚಿನ ಕಿಂಡಲ್ ಪೇಪರ್‌ವೈಟ್ 211. ಸಾದಾ ಕಿಂಡಲ್ ನೀರು ತಡೆಯುವುದಿಲ್ಲ, ಉಳಿದೆರಡು ತಡೆಯುತ್ತವೆ. ನೀರಿನ ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಓದುವ ಮಗುವಾದರೆ ಇದು ಲೆಕ್ಕಕ್ಕೆ ಬರುತ್ತದೆ.

ಬಣ್ಣದ ಪರದೆಯ ಆಸೆ ಸಹಜ. ಕೋಬೋ ಕ್ಲಾರಾ ಕಲರ್‌ನಂಥವುಗಳಲ್ಲಿ ಕಪ್ಪಕ್ಷರ 300 ಪಿಪಿಐ ಇದ್ದರೂ ಬಣ್ಣ 150 ಮಾತ್ರ. ಮೇಲಿನ ಬಣ್ಣದ ಪದರ ಬೆಳಕು ನುಂಗುವುದರಿಂದ ಹಿನ್ನೆಲೆ ಬೂದಾಗಿ ಕಾಣುತ್ತದೆ, ಒಳದೀಪ ಹೆಚ್ಚಿಸಬೇಕಾಗುತ್ತದೆ. ಬಣ್ಣ ದಿನಪತ್ರಿಕೆಯ ಚಿತ್ರದಷ್ಟು ತಿಳಿ. ಕಥೆ ಓದುವ ಮಗುವಿಗೆ ಕಪ್ಪು-ಬಿಳುಪೇ ಸಾಕು.

ಅಕ್ಷರ ಪರೀಕ್ಷೆ

ವಾಪಸ್ ಕೊಡಲು ಅವಕಾಶವಿರುವ ದಿನಗಳಲ್ಲೇ ಇದನ್ನು ಮುಗಿಸಿ. ಗೂಗಲ್ ಡಾಕ್ಸ್‌ನಲ್ಲಿ ಒಂದು ಪುಟ ಟೈಪ್ ಮಾಡಿ: ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಸೂರ್ಯ, ಕೃಷ್ಣ, ಹೋಗ್ತೀಯಾ. ಕೆಳಗೆ ನಾಲ್ಕು ಸಾಲಿನ ಕಥೆಯೊಂದಿರಲಿ. ಫೈಲ್ ಮೆನುವಿನ ಡೌನ್‌ಲೋಡ್‌ನಲ್ಲಿ ಇಪಬ್ ಆರಿಸಿ. ಕೋಬೋಗೆ ಯುಎಸ್‌ಬಿ ಕೇಬಲ್‌ನಲ್ಲಿ ನೇರ ಹಾಕಬಹುದು. ಕಿಂಡಲ್‌ಗೆ ಹಾಗೆ ಹಾಕಿದರೆ ಪುಸ್ತಕ ಕಾಣಿಸುವುದೇ ಇಲ್ಲ. ಸೆಂಡ್ ಟು ಕಿಂಡಲ್ ಪುಟದಿಂದ ಕಳಿಸಬೇಕು. ಅಲ್ಲಿ 200 ಎಂಬಿವರೆಗೆ ಹೋಗುತ್ತದೆ, ಇಮೇಲ್‌ನಲ್ಲಾದರೆ 50.

ಈಗ ಓದಿ ನೋಡಿ. ಅಕ್ಷರದ ಬದಲು ಚೌಕ ಬಂದರೆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸೆರಿಫ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ. ಅದನ್ನು ಯಂತ್ರದ ಫಾಂಟ್ಸ್ ಫೋಲ್ಡರಿಗೆ ಹಾಕಿ (ಕೋಬೋದಲ್ಲಿ ಆ ಫೋಲ್ಡರನ್ನು ನಾವೇ ಮಾಡಬೇಕು), ಪುಸ್ತಕ ತೆರೆದು ಅಕ್ಷರದ ಮೆನುವಿನಲ್ಲಿ ಆರಿಸಿ. ಅಕ್ಷರ ಬಂದೂ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ನಿಂತರೆ, ‘ಸೂರ್ಯ’ದ ಅರ್ಕಾವತ್ತು ಮಾಯವಾದರೆ, ಅಕ್ಷರ ಜೋಡಿಸುವ ತಂತ್ರಾಂಶಕ್ಕೇ ಕನ್ನಡ ಬರುವುದಿಲ್ಲ. ಇದಕ್ಕೆ ಫಾಂಟ್ ಮದ್ದಲ್ಲ. ಕೋಬೋ ಆದರೆ ಕ್ಯಾಲಿಬರ್ ತಂತ್ರಾಂಶದಲ್ಲಿ ಕೆಪಬ್ (ಕೋಬೋದ್ದೇ ಇಪಬ್ ರೂಪ) ಆಗಿ ಬದಲಿಸಿ ಒಮ್ಮೆ ನೋಡಿ. ಆಗಲೂ ಸರಿಹೋಗದಿದ್ದರೆ ಯಂತ್ರ ವಾಪಸ್ ಕೊಡಿ. ಒಡೆದ ಅಕ್ಷರ ನೋಡಿ ಮಗು ಕಲಿಯಬಾರದು.

ಪರೀಕ್ಷೆ ಪಾಸಾದ ಯಂತ್ರದಲ್ಲೂ ಕೆಲವು ಕಡತ ರೋಮನ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಅವು ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ ಟೈಪಾದವು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಮೊದಲು ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ಗೆ ಬದಲಿಸಿ, ಆಮೇಲೆ ಇಪಬ್ ಮಾಡಿ.

ಮಗುವಿನ ಕೈಗೆ ಕೊಡುವ ಮುಂಚೆ

ಸಾಲಿಗೆ ನಾಲ್ಕೈದು ಪದ ಬರುವಷ್ಟು ಅಕ್ಷರ ದೊಡ್ಡದಿರಲಿ. ಸಾಲುಗಳ ಅಂತರ ಹೆಚ್ಚಿಸಿ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚು ಸಮ ಮಾಡುವ ಜೋಡಣೆ ತೆಗೆದು ಎಡಕ್ಕೆ ಮಾತ್ರ ಜೋಡಿಸಿ. ಉದ್ದುದ್ದ ಕನ್ನಡ ಪದ ಸಾಲಿನ ಕೊನೆಯಲ್ಲಿ ಮುರಿಯದೆ ಹಾಗೇ ಕೆಳಗಿಳಿಯುವುದರಿಂದ, ಸಮ ಮಾಡಿದರೆ ಪದಗಳ ನಡುವೆ ಅಗಲ ಬಿರುಕು ಬಿಡುತ್ತದೆ, ಮಗುವಿನ ಕಣ್ಣು ಸಾಲು ತಪ್ಪುತ್ತದೆ.

ಕಿಂಡಲ್ ಆದರೆ ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ಅಂಗಡಿ, ಬ್ರೌಸರ್ ಎರಡನ್ನೂ ಮುಚ್ಚಿ. ನಿಮ್ಮ ಖಾತೆಗೆ ಕಾರ್ಡ್ ಜೋಡಿಸಿದ್ದರೆ ಒಂದು ಒತ್ತಿಗೆ ಪುಸ್ತಕ ಖರೀದಿಯಾಗಿಬಿಡುತ್ತದೆ.

ಒಡೆಯುವುದು ಹೇಗೆ ಅಂತ ಗೊತ್ತಿದ್ದರೆ ಕಾಪಾಡುವುದು ಸುಲಭ. ಇ-ರೀಡರುಗಳಲ್ಲಿರುವ ಬಹುತೇಕ ಇ-ಇಂಕ್ ಪರದೆಯ ಅಡಿಯಲ್ಲಿ ತೆಳುವಾದ ಗಾಜಿನ ಹಾಳೆ ಇದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಒತ್ತಿದರೆ, ಹಾಸಿಗೆಯ ಮೇಲೆ ಬಿಟ್ಟಿದ್ದನ್ನು ಮೊಣಕಾಲಲ್ಲಿ ಅದುಮಿದರೆ ಒಳಗಿನ ಗಾಜು ಸೀಳುತ್ತದೆ. ಹೊರಗೆ ಗೀರೂ ಇರುವುದಿಲ್ಲ, ಅರ್ಧ ಪುಟ ಮಾತ್ರ ಹಿಂದಿನ ಚಿತ್ರದಲ್ಲೇ ನಿಂತುಬಿಡುತ್ತದೆ. ಸಾಮಾನ್ಯ ವಾರಂಟಿಗೆ ಇದು ಸೇರುವುದಿಲ್ಲ. ಬಟ್ಟೆಯ ಚೀಲ ಸಾಲದು, ಪರದೆಯ ಮೇಲೆ ಗಟ್ಟಿ ಮುಚ್ಚಳ ಮುಚ್ಚುವ ಕವರೇ ಬೇಕು. ಅಮೆರಿಕದಲ್ಲಿರುವವರಿಗೆ ಕಿಂಡಲ್ ಕಿಡ್ಸ್ ಸಿಗುತ್ತದೆ. ಒಳಗೆ ಅದೇ ಕಿಂಡಲ್, ಜೊತೆಗೆ ಕವರ್ ಮತ್ತು ಒಡೆದರೂ ಬದಲಿಸಿಕೊಡುವ 2 ವರ್ಷದ ಭರವಸೆ. ಪುಟ್ಟ ಮಕ್ಕಳ ಮನೆಗೆ ಅದು ಲಾಭ.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಪೂರ್ತಿ ಖಾಲಿ ಬ್ಯಾಟರಿಯಲ್ಲಿ ಬಿಟ್ಟುಹೋಗಬೇಡಿ, ಅರ್ಧ ಚಾರ್ಜ್ ಮಾಡಿಡಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಹಳೆಯ ಮಾಲೀಕರ ಖಾತೆಯಿಂದ ಅವರ ಎದುರಿಗೇ ತೆಗೆಸಿ, ದೀಪ ಪೂರ್ತಿ ಹಾಕಿ, ಬಿಳಿ ಪುಟದಲ್ಲೊಮ್ಮೆ ಕಪ್ಪು ಪುಟದಲ್ಲೊಮ್ಮೆ ಗೆರೆ, ಕಲೆ ಇದೆಯೇ ನೋಡಿ, ಚಾರ್ಜರ್ ಚುಚ್ಚಿ ಚಾರ್ಜ್ ಏರುವುದನ್ನು ಕಂಡ ಮೇಲೆ ದುಡ್ಡು ಕೊಡಿ.